ದಾನಪ್ಪ ಅಂಕಲ್ ಬರೆದುಕೊಟ್ಟ ಸಾಕ್ಷಿ

ಪ್ರೀತಿಯ ದಾನಪ್ಪ ಅಂಕಲ್,

ವುಡ್‌ರಿಡ್ಜ್‌ನಿಂದ ಸುಚೇತಾಳ ನಮಸ್ಕಾರ. ನೀವು ಮಗಳ ಜೊತೆ ಡೆಟ್ರಾಯಿಟ್ ಕಡೆಗೆ ಹೋಗಿ ಐದು ವರ್ಷವಾದರೂ ಪಕ್ಕದ ಮನೆ ನನಗೆ ಇನ್ನೂ ನಿಮ್ಮದೇ. ಮಂಗಳವಾರ ವಕೀಲರು ಫೋನ್ ಮಾಡಿದ್ದರು. ನನ್ನ ಭುಜದ ಕೇಸು ಮೂರು ವರ್ಷಕ್ಕೆ ಇತ್ಯರ್ಥವಾಯಿತು, ಪರಿಹಾರ ಮಂಜೂರಾಗಿದೆ. ಫೋನಿನಲ್ಲಿ ಹೇಳಿದರೆ "ಆತು ಬಿಡವಾ" ಎಂದು ಮಾತು ಮುಗಿಸಿಬಿಡುತ್ತೀರಿ. ಅದಕ್ಕೇ ಈ ಕಾಗದ.

ನೀವು ಹೋದ ಮರುವರ್ಷದ ಅಕ್ಟೋಬರಿನಲ್ಲಿ ಫಾರ್ಮಸಿಯ ಹುಡುಗಿ ಫ್ಲೂ ಲಸಿಕೆಯ ಸೂಜಿಯನ್ನು ಎಡಭುಜದ ತೀರ ಮೇಲಕ್ಕೆ ಚುಚ್ಚಿದ್ದಳು. ಮರುದಿನವೇ ನಿಮ್ಮ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಟ್ರಾಯ್‌ನ ನಿಮ್ಮ ಮನೆಗೆ ಬಂದೆವು. ಬಡಿಸಲು ಹೋಗಿ ಎಣ್ಣೆಗಾಯಿ ಪಾತ್ರೆಯನ್ನು ನಿಮ್ಮ ಬಿಳಿ ಕಾರ್ಪೆಟ್ಟಿನ ಮೇಲೆ ಬೀಳಿಸಿದೆ. ನಾಚಿಕೆಯಿಂದ ಅಳು ಬಂತು. ನೀವು ಕಾರ್ಪೆಟ್ಟಿನ ಕಡೆ ನೋಡಲೂ ಇಲ್ಲ. "ತೋಳಿಗೆ ಏನಾಗೇತಿ, ಖರೆ ಹೇಳು" ಎಂದಿರಿ. ನಿನ್ನೆಯ ಸೂಜಿಯಿಂದ ತೋಳು ಎತ್ತಲಾಗುತ್ತಿಲ್ಲ ಎಂದೆ.

ನೋವು ಹೋಗಲೇ ಇಲ್ಲ. ಜಡೆ ಹೆಣೆದುಕೊಳ್ಳಲೂ ಆಗುತ್ತಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನನ್ನ ಗಂಡ ನಿರಂಜನ್ ಯೂಟ್ಯೂಬ್ ನೋಡಿ ಜಡೆ ಹಾಕಲು ಕಲಿತರು. ಮೊದಲ ವಾರವೆಲ್ಲ ನಾನು ಸ್ಕಾರ್ಫ್ ಕಟ್ಟಿಕೊಂಡು ಆಫೀಸಿಗೆ ಹೋದೆ. ಪರಿಹಾರಕ್ಕೆ ಅರ್ಜಿ ಹಾಕು ಎಂದು ನೀವು ಹೇಳಿದಾಗ ಒಪ್ಪಲಿಲ್ಲ. ಲಸಿಕೆಯನ್ನು ನಂಬುವವಳು ನಾನು. ಆ ಹುಡುಗಿಯ ಕೆಲಸ ಹೋದರೆ ಎಂಬ ಅಳುಕು ಬೇರೆ. ನೀವೇ ವಕೀಲರನ್ನು ವಿಚಾರಿಸಿ ಹೇಳಿದಿರಿ: "ಆ ಹುಡುಗಿ ಮ್ಯಾಲೆ ಕೇಸಲ್ಲ ಇದು, ಯವ್ವಾ. ಇಂಥಾದಕ್ಕಂತ ಸರ್ಕಾರ ಬ್ಯಾರೆ ನಿಧಿ ಇಟ್ಟೇತಿ."

ಅರ್ಜಿ ಹಾಕಿದ ಮೇಲೆ ತೊಡಕಿನಲ್ಲಿ ಸಿಕ್ಕೆ. ನೋವು ಎರಡು ದಿನದೊಳಗೆ ಶುರುವಾಯಿತೆಂದು ತೋರಿಸಬೇಕಿತ್ತು. ನಾನೋ ಡಾಕ್ಟರ ಬಳಿ ಹೋದದ್ದೇ ಎರಡು ತಿಂಗಳ ಮೇಲೆ. ಕಣ್ಣಾರೆ ಕಂಡವರು ಇದ್ದಾರೆಯೇ ಎಂದು ವಕೀಲರು ಕೇಳಿದರು. ನೀವು ನಾಲ್ಕು ಪುಟ ಬರೆದು, ಪ್ರಮಾಣ ಮಾಡಿ, ಸಹಿ ಹಾಕಿ ಕಳಿಸಿದಿರಿ. ಅದರಲ್ಲಿ ಎಣ್ಣೆಗಾಯಿ ಮಾಡುವ ವಿಧಾನಕ್ಕೇ ಒಂದು ಪ್ಯಾರಾ. ವಕೀಲರು ನಗುತ್ತಲೇ, ಇಷ್ಟು ವಿವರ ಯಾರೂ ಕಟ್ಟಿ ಹೇಳಲಾರರು ಎಂದರು. ಎದುರು ಪಕ್ಷದ ಸರ್ಕಾರಿ ವಕೀಲರೂ ಆಮೇಲೆ ತಕರಾರು ತೆಗೆಯಲಿಲ್ಲ.

ಈಗ ತೋಳು ತಲೆಯ ಮೇಲಕ್ಕೆ ಹೋಗುತ್ತದೆ. ಚಳಿಗೆ ಸ್ವಲ್ಪ ಗೊಣಗುತ್ತದೆ, ಅಷ್ಟೇ. ಹೇಳಬೇಕಾದದ್ದು ಇನ್ನೊಂದಿದೆ. ಅಪ್ಪ ತೀರಿಕೊಂಡ ಮೇಲೆ, ಎರಡನೇ ಪ್ರಶ್ನೆ ಕೇಳದೆ ನನ್ನ ಮಾತು ನಂಬಿದವರು ನೀವು. ಆ ನಾಲ್ಕು ಪುಟ ಓದಿದ ದಿನ ಅದು ತಿಳಿಯಿತು. ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ.

ಮುಂದಿನ ತಿಂಗಳು ನಿಮ್ಮ ಮೊಣಕಾಲಿನ ಆಪರೇಷನ್ ಎಂದು ನಿಮ್ಮ ಮಗಳು ಐಶ್ವರ್ಯ ಹೇಳಿದಳು. ಎರಡು ವಾರ ರಜೆ ಹಾಕಿದ್ದೇನೆ, ಬರುತ್ತೇನೆ, ಬೇಡ ಅನ್ನಬೇಡಿ. ನಡೆಯುವಾಗ ನನ್ನ ಭುಜ ಹಿಡಿದುಕೊಳ್ಳಿ. ಎಡದ್ದನ್ನೇ ಹಿಡಿಯಿರಿ.

ನಿಮ್ಮ ಕಾಲಿಗೆ ಬೇಗ ಬಲ ಬರಲಿ ಎಂದು ಹಾರೈಸುತ್ತ,
ನಿಮ್ಮ ಪಕ್ಕದ ಮನೆಯ
ಸುಚೇತಾ