ಸಂಜೆಯ ಇನ್ಸುಲಿನ್ ನಿಮ್ಮ ಕೈಯಲ್ಲೇ

ರೀ,

ಮಗಳ ಫೋನ್ ಬಂತು. ಮೊಮ್ಮಗಳಿಗೆ ಹೆರಿಗೆ ನೋವು ಶುರುವಾಯಿತಂತೆ. ಆಸ್ಪತ್ರೆಗೆ ಹೊರಟೆ, ರಾತ್ರಿ ಅಲ್ಲೇ ಇರುತ್ತೇನೆ. ಸಂಜೆಯ ಇನ್ಸುಲಿನ್ ನೀವೇ ಚುಚ್ಚಿಕೊಳ್ಳಬೇಕು. ಇದನ್ನೋದಿ ಕುರ್ಚಿಯಲ್ಲಿ ಕುಸಿದು ಕೂರಬೇಡಿ.

ಅಡುಗೆ ಮುಚ್ಚಿಟ್ಟಿದ್ದೇನೆ. ಮೊದಲು ಬಿಸಿಮಾಡಿ ತಟ್ಟೆಗೆ ಬಡಿಸಿಕೊಳ್ಳಿ, ಆಮೇಲೆ ಸೂಜಿ. ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ತಲೆ ಸುತ್ತುತ್ತದೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ, ಎದುರುಮನೆಯವರಿಗೆ ಪಾಠ ಮಾಡಿದವರೇ ನೀವು. ಧೈರ್ಯ ಸಾಲದು, ಅಷ್ಟೆ. ಕ್ಷೌರದ ಅಂಗಡಿಯಲ್ಲಿ ಊರವರ ಗಂಟಲ ಮೇಲೆ ಕತ್ತಿ ಆಡಿಸುವ ಕೈ, ಸ್ವಂತ ಹೊಟ್ಟೆಗೆ ಸೂಜಿ ಅಂದರೆ ಹಿಂದೆ ಸರಿಯುತ್ತದೆ!

"ಒಂದಿನ ಬಿಟ್ರೆ ಏನಾಗುತ್ತೆ ಬಿಡೇ" ಅನ್ನಬೇಡಿ. ಕಾಲಿನ ಹುಣ್ಣು ಈಗಷ್ಟೇ ಮಾಯುತ್ತಿದೆ. ಆ ಕಾಲಲ್ಲಿ ನೀವು ನಡೆದು ಬಂದು ಮರಿಮಗುವನ್ನು ಎತ್ತಿಕೊಳ್ಳಬೇಕು.

ಇನ್ನೊಂದು ಮಾತು, ಸಿಟ್ಟಾಗಬೇಡಿ. ದಿನಾ ಕಣ್ಣು ಗಟ್ಟಿಯಾಗಿ ಮುಚ್ಚಿ, "ನೀನೇ ಒತ್ತು ಕಣೇ, ನನ್ ಕೈಲಾಗಲ್ಲ" ಅಂತೀರಲ್ಲ? ಈ ವಾರವೆಲ್ಲ ನನ್ನ ಕೈ, ಸೂಜಿ ಹಿಡಿದ ನಿಮ್ಮ ಕೈ ಮೇಲೆ ಸುಮ್ಮನೆ ಕೂತಿತ್ತು. ಚುಚ್ಚಿದ್ದೂ ಒತ್ತಿದ್ದೂ ನೀವೇ.

ಇವತ್ತು ಕಣ್ಣು ಬಿಟ್ಟು ನೋಡಿಕೊಳ್ಳಿ.