ಎರಡು ಸೀಟಿನ ಕಾರಿಗೆ ಬಂದ ಬೆಲೆ

ಮನೆಯಿಂದ,
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ದಿನವಿಡೀ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿಂತು ಬರುತ್ತಿದ್ದ ಕಾಲುನೋವು ಈಗ ಹೇಗಿದೆ? ಊರಿಗೆಲ್ಲ ಮಾತ್ರೆ ಎಣಿಸಿ ಕೊಡುವವಳು ನೀನು, ನೀನೇ ಒಂದು ನುಂಗು ಎಂದರೆ ಮುಖ ತಿರುಗಿಸುತ್ತೀಯ. ಗಟ್ಟಿ ಶೂ ಬೇಡ, ಮೆತ್ತನೆಯ ಚಪ್ಪಲಿ ಹಾಕಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಬಿ.ಪಿ. ಸರಿ ಇದೆ, ಹೊಸ ಕನ್ನಡಕ ಬಂದಿದೆ, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತೇನೆ. ಉಳಿದದ್ದನ್ನು ನೀನು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮಪ್ಪ ಹೋಗಿ ನಾಲ್ಕು ತಿಂಗಳಾಗುತ್ತಾ ಬಂತು. ಅಂತ್ಯಕ್ರಿಯೆ ಮುಗಿಸಿ ಬಂದ ಸಂಜೆ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಅಪ್ಪ ಆಸ್ಪತ್ರೇಲಿ ನನ್ನ ಕೇಳಲೇ ಇಲ್ವಾ ಅಮ್ಮ?’ ಎಂದು ಕೇಳಿದೆ. ನಾನು ಇಲ್ಲ ಎಂದೆ. ನೀನು ಚೀಲ ಎತ್ತಿಕೊಂಡು ಹೊರಟೆ. ಆಮೇಲೆ ನಿನ್ನಿಂದ ಬಂದದ್ದು ಒಂದೇ ಒಂದು ಸುದ್ದಿ, ಅದೂ ನಿನ್ನ ಚಿಕ್ಕಪ್ಪನ ಫೋನಿಗೆ. ‘ಆ ಕಾರು ಮಾರಿಬಿಡೋಕೆ ಹೇಳಿ. ನನಗೆ ಅದರ ಮುಖ ನೋಡೋದೂ ಬೇಡ.’ ಚಿಕ್ಕಪ್ಪ ಅದನ್ನು ಓದಿ ಹೇಳುವಾಗ ನಡುವೆ ಎರಡು ಸಲ ಸುಮ್ಮನೆ ಕೆಮ್ಮಿದರು. ನಾನು ಆಯ್ತು, ಮಾರುತ್ತೇನೆ ಎಂದುಬಿಟ್ಟೆ. ಹೇಳಿದಷ್ಟು ಸುಲಭವಾಗಿರಲಿಲ್ಲ ಅದು.

ನಿನಗೆ ಗೊತ್ತಿರುವ ಕಥೆಯನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಮೂವತ್ತೆರಡು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು ನಿಮ್ಮಪ್ಪ. ಈ ಊರಿನ ಅರ್ಧ ಜನಕ್ಕೆ ಗೇರು ಹಾಕಲು ಕಲಿಸಿದ್ದು ಅವರೇ. ಆದರೆ ಕಲಿಸುವವರಿಗೆ ಸ್ಟೇರಿಂಗು ಎಲ್ಲಿ ಸಿಗುತ್ತದೆ? ಬೆಳಗ್ಗೆಯಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಹತ್ತಿರ ಸ್ಕೂಲಿನವರು ಹಾಕಿಸಿಕೊಟ್ಟ ಎರಡನೇ ಬ್ರೇಕನ್ನು ಒತ್ತುತ್ತ, ‘ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು’ ಎನ್ನುವುದೇ ಕೆಲಸ. ತಾವು ಓಡಿಸುವುದಕ್ಕೆಂದೇ ಅವರು ಆ ಹಳೆಯ ಸ್ಪೋರ್ಟ್ಸ್ ಕಾರು ತಂದರು. ಆಗ ನಿನಗೆ ಹತ್ತು ವರ್ಷ, ಅದಕ್ಕೆ ಹದಿನಾಲ್ಕು. ಮಾಸಿದ ಕೆಂಪು ಬಣ್ಣ, ಎರಡೇ ಸೀಟು, ಬಟ್ಟೆಯ ಟಾಪು, ಗುಂಡಿ ಒತ್ತಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೇಳುವ ದೀಪಗಳು. ಅದರಲ್ಲೂ ಒಂದು ಕಣ್ಣು ಸೋಮಾರಿ, ಇನ್ನೊಂದು ಎದ್ದ ಮೇಲೆ ಯೋಚನೆ ಮಾಡಿ ಏಳುತ್ತಿತ್ತು. ನಾನು ಸೋಫಾ, ಸೀಟುಗಳ ಹೊದಿಕೆ ಹೊಲಿಯುವ ವರ್ಕ್‌ಶಾಪಿನ ದೊಡ್ಡ ಮೆಷಿನ್ನು ಎರಡು ಬರುತ್ತಿದ್ದವು ಆ ದುಡ್ಡಿಗೆ, ಅಷ್ಟು ಅಗ್ಗ. ಆದರೂ ನಾನು ಬೈದೆ. ‘ಮೂರು ಜನ ಇರೋ ಮನೆಗೆ ಎರಡು ಸೀಟಿನ ಕಾರು ಯಾರಾದ್ರೂ ತರ್ತಾರಾ?’ ಅವರು ನಕ್ಕು, ‘ಇದರ ಬೆಲೆ ಬೀಳೋದೆಲ್ಲ ಬಿದ್ದಾಗಿದೆ ಕಣೇ, ಇನ್ನು ಏರೋದೊಂದೇ ಬಾಕಿ’ ಎಂದರು.

ಅದು ನಿಜವಾಗಿ ವೇಗದ ಕಾರೇ ಅಲ್ಲ, ಅಲ್ಲವಾ? ಎದುರು ಗಾಳಿ ಇದ್ದರೆ ಹಾಲಿನ ವ್ಯಾನು ಕೂಡ ಹಿಂದೆ ಹಾಕುತ್ತಿತ್ತಂತೆ. ಆದರೆ ಸೀಟು ನೆಲಕ್ಕೆ ಅಷ್ಟು ಹತ್ತಿರ, ಮೇಲೆ ಬಯಲು, ಆದ್ದರಿಂದ ನಲವತ್ತರಲ್ಲಿ ಹೋದರೂ ತೊಂಬತ್ತರಲ್ಲಿ ಹೋದ ಹಾಗೆ ಎನ್ನುತ್ತಿದ್ದರು. ‘ಮಜಾ ತೊಂಬತ್ತರದು, ಪೆಟ್ರೋಲು ನಲವತ್ತರದು.’ ಕೆಟ್ಟರೆ ಮೆಕ್ಯಾನಿಕ್ಕಿನ ಕಾಲು ಹಿಡಿಯಬೇಕಾಗಿರಲಿಲ್ಲ, ನಾಲ್ಕು ಸ್ಪಾನರು, ಒಂದು ಟಾರ್ಚು, ಟಾರ್ಚು ಹಿಡಿಯಲು ನೀನು. ಟಾಪು ಹರಿದಾಗಲೆಲ್ಲ ಹೊಲಿದು ಕೊಟ್ಟವಳು ನಾನು, ಮೂರು ಸಲ. ಭಾನುವಾರ ಬೆಳಗ್ಗೆ ನೀವಿಬ್ಬರೂ ಹೊರಡುತ್ತಿದ್ದಿರಿ. ‘ಬಾ, ನಿನ್ನನ್ನೂ ಒಂದು ರೌಂಡು ಕರೆದುಕೊಂಡು ಹೋಗ್ತೀನಿ’ ಎಂದು ಅವರು ಕರೆಯದೇ ಇರಲಿಲ್ಲ. ಗಾಳಿಗೆ ಕಿವಿ ನೋಯುತ್ತದೆ ಎಂದು ನಾನೇ ಹೋಗುತ್ತಿರಲಿಲ್ಲ. ನನ್ನ ಕಿವಿ ಯಾವತ್ತೂ ನೋಯಲಿಲ್ಲ ಮರಿ. ನಾನು ಕೂತರೆ ನೀನು ಇಳಿಯಬೇಕಿತ್ತು, ನಿನ್ನ ಮುಖ ಸಣ್ಣದಾಗುವುದನ್ನು ನೋಡಲು ಆಗುತ್ತಿರಲಿಲ್ಲ. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಅದನ್ನು ಮುಚ್ಚಿಡಲು ನೋಯುವ ಕಿವಿಗಿಂತ ಒಳ್ಳೆಯ ನೆಪ ಸಿಗಲಿಲ್ಲ.

ಆಮೇಲೆ ಕಳೆದ ವರ್ಷದ ಆ ಜಗಳ. ನೀನು ಹೊಸ ಬಿಳಿ ಕಾರು ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದೆ. ಗೇರಿಲ್ಲದ್ದು, ತಾನೇ ಬ್ರೇಕು ಹಾಕಿಕೊಳ್ಳುವುದು. ನಿಮ್ಮಪ್ಪ ಸುತ್ತ ಒಂದು ಸಲ ನಡೆದು, ‘ಫ್ರಿಜ್ಜಿಗೆ ಚಕ್ರ ಹಾಕ್ಸಿದೀಯಲ್ಲೇ’ ಎಂದರು. ತಮಾಷೆಗೆ ಅಂದದ್ದು, ಆದರೆ ಸಂತೋಷವಾಗಿ ತಂದವಳಿಗೆ ಅದು ಚುಚ್ಚಿತು. ‘ನಿಮ್ಮ ಹಳೇ ಡಬ್ಬಾಗೆ ಗುಜರಿಯವನೂ ಬೆಲೆ ಕಟ್ಟಲ್ಲ’ ಎಂದೆ ನೀನು. ಒಂದು ಮಾತಿಗೆ ಒಂದು ಮಾತು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಟದಲ್ಲಿ ನೀವಿಬ್ಬರೂ ಒಂದೇ ಅಚ್ಚು. ಏಳು ತಿಂಗಳು ಅವರು ಫೋನು ಮಾಡಲಿಲ್ಲ, ನೀನೂ ಮಾಡಲಿಲ್ಲ. ಭಾನುವಾರ ಬೆಳಗ್ಗೆ ಅವರು ಕಾರಿನ ಹೊದಿಕೆ ತೆಗೆದು, ಒರೆಸಿ, ಮತ್ತೆ ಹೊದಿಸಿ ಒಳಗೆ ಬರುತ್ತಿದ್ದರು. ಓಡಿಸುತ್ತಿರಲಿಲ್ಲ.

ಮಾರಲು ಹೊರಟಾಗ ಮೊದಲು ಬಂದವನು ಸೆಕೆಂಡ್‌ಹ್ಯಾಂಡ್ ಕಾರುಗಳ ದಲ್ಲಾಳಿ. ಫೋನಿನಿಂದ ಕಣ್ಣೆತ್ತದೆ ಒಂದು ಸುತ್ತು ಹಾಕಿ, ‘ಅಕ್ಕಾ, ಇದನ್ನ ತೂಕಕ್ಕೆ ಹಾಕಬೇಕಷ್ಟೆ’ ಎಂದ. ನನಗೆ ಎಲ್ಲಿಲ್ಲದ ಕೋಪ ಬಂತು. ನಿಮ್ಮಪ್ಪನನ್ನು ಅಂದ ಹಾಗಾಯಿತು. ಇದನ್ನು ಮದುಮಗಳ ಹಾಗೆ ಸಿಂಗರಿಸಿ ತೋರಿಸುತ್ತೇನೆ ಎಂದು ಪಣ ತೊಟ್ಟು, ಮೂರು ದಿನ ವರ್ಕ್‌ಶಾಪಿಗೆ ರಜೆ ಹಾಕಿ ಒಳಗೆಲ್ಲ ಶುಚಿ ಮಾಡಿದೆ. ಆಗ ಪಕ್ಕದ ಸೀಟಿನ ಕಾಲಡಿಯ ಕಾರ್ಪೆಟ್ಟಿನಲ್ಲಿ ಅಂಗೈಯಗಲ ಸವೆದು ತೂತಾಗಿರುವುದು ಕಂಡಿತು. ಓಡಿಸುವವರ ಕಡೆ ಸವೆಯುವುದು ಸಹಜ, ಈ ಕಡೆ ಯಾಕೆ? ಇಲಿ ಇರಬೇಕು ಎಂದುಕೊಂಡೆ. ಹಳೆಯದನ್ನು ಬಿಚ್ಚಿ, ಅದನ್ನೇ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೊಸದನ್ನು ಕತ್ತರಿಸಿ, ಅಂಚು ಹೊಲಿದು ಕೂರಿಸಿದೆ. ನಾನೇ ಹೇಳಿಕೊಳ್ಳಬಾರದು, ಕಂಪನಿಯವರೂ ಅಷ್ಟು ಚೆನ್ನಾಗಿ ಹಾಕುವುದಿಲ್ಲ.

ಕಳೆದ ಭಾನುವಾರ ಇನ್ನೊಬ್ಬರು ಬಂದರು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನವರು, ನನ್ನ ವಯಸ್ಸಿನವರೇ. ಹಲ್ಲು ನೋಡುವ ಆ ಕಡ್ಡಿಯ ಕನ್ನಡಿ ಇದೆಯಲ್ಲ, ಅದನ್ನೇ ಜೇಬಿನಿಂದ ತೆಗೆದು, ನೆಲದ ಮೇಲೆ ಮಲಗಿ, ಕಾರಿನ ಅಡಿಯಲ್ಲಿ ತುಕ್ಕು ಹುಡುಕಿದರು. ಬಾಯಿ ತೆಗಿ ಎಂದು ಕಾರಿಗೆ ಹೇಳುತ್ತಾರೇನೋ ಎಂದು ನನಗೆ ಒಳಗೊಳಗೇ ನಗು. ತುಕ್ಕಿಲ್ಲ. ನಿಮ್ಮಪ್ಪ ಬರೆದಿಟ್ಟ ಸರ್ವಿಸ್ ಪುಸ್ತಕವನ್ನು ಅರ್ಧ ಗಂಟೆ ಓದಿದರು, ನನ್ನ ಟಾಪಿನ ಹೊಲಿಗೆಯನ್ನು ಹೊಗಳಿದರು. ಕಾರ್ಪೆಟ್ಟಿನ ಹತ್ತಿರ ಬಂದಾಗ ಮಾತ್ರ ಮುಖ ಬಾಡಿತು. ‘ಇದು ಹೊಸದಲ್ವಾ ಅಮ್ಮಾ? ಇಂಥ ಕಾರುಗಳಿಗೆ ಬೆಲೆ ಬರೋದೇ ಹುಟ್ಟಿದ ಹಾಗೆ ಇದ್ರೆ. ಹರಿದಿದ್ರೂ ಹಳೇದೇ ಇರಬೇಕಿತ್ತು.’ ನಲವತ್ತು ವರ್ಷ ಹರಿದದ್ದನ್ನು ಹೊಸದು ಮಾಡಿ ಸಂಬಳ ತೆಗೆದುಕೊಂಡವಳು ನಾನು. ಹರಿದದ್ದಕ್ಕೆ ಹೆಚ್ಚು ಬೆಲೆ ಎಂದು ಮೊದಲ ಸಲ ಕೇಳಿದೆ.

ಒಂದು ಸುತ್ತು ಓಡಿಸಿ ನೋಡಲೇ ಎಂದರು. ಗುರುತಿಲ್ಲದವರ ಕೈಗೆ ಕೊಟ್ಟು ಕಳಿಸುವುದು ಹೇಗೆ? ನಾನೂ ಕೂತೆ. ಇಪ್ಪತ್ತು ವರ್ಷದಲ್ಲಿ ಅದು ಓಡುವಾಗ ನಾನು ಕೂತದ್ದು ಅದೇ ಮೊದಲು. ನಮ್ಮ ಬೀದಿ ದಾಟಿ, ರೈಲ್ವೆ ಗೇಟು ದಾಟಿ, ಕೆರೆಯ ಪಕ್ಕದ ಆ ಬಳಸು ದಾರಿಗೆ ಬಂದೆವು. ತಲೆಗೂದಲೆಲ್ಲ ಬಾಯಿಗೆ ಬರುತ್ತಿತ್ತು, ಎಂಜಿನ್ನಿನ ನಡುಕ ಬೆನ್ನಿಗೆ ತಾಗುತ್ತಿತ್ತು, ರಸ್ತೆ ಕೈಗೆ ಸಿಗುವಷ್ಟು ಹತ್ತಿರ ಓಡುತ್ತಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ. ಎಷ್ಟು ಚೆನ್ನಾಗಿದೆ ಮರಿ, ಇಷ್ಟು ಚೆನ್ನಾಗಿರುತ್ತದೆ ಎಂದು ಯಾಕೆ ನೀವಿಬ್ಬರೂ ನನ್ನನ್ನು ಎಳೆದು ಕೂರಿಸಲಿಲ್ಲ? ಅಷ್ಟರಲ್ಲಿ ದೊಡ್ಡ ತಿರುವು ಬಂತು. ಅವರು ಬ್ರೇಕು ಹಾಕುವುದು ಸ್ವಲ್ಪ ತಡವಾಯಿತು. ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು, ಸರಿಯಾಗಿ ಆ ತೂತಿದ್ದ ಜಾಗದಲ್ಲಿ.

ಇಲಿಯಲ್ಲ. ನಿನಗೆ ಹದಿನೆಂಟಕ್ಕೆ ಲೈಸೆನ್ಸು ಬಂದ ಮೇಲೆ ನಿಮ್ಮಪ್ಪ ಸ್ಟೇರಿಂಗು ನಿನಗೆ ಕೊಟ್ಟುಬಿಟ್ಟಿದ್ದರಲ್ಲ. ನೀನು ಬೇರೆ ಊರಿಗೆ ಕೆಲಸಕ್ಕೆ ಹೋದ ಮೇಲೂ ಭಾನುವಾರ ತಪ್ಪಿಸಲಿಲ್ಲ. ಹನ್ನೊಂದು ವರ್ಷ ನೀನು ಓಡಿಸಿದೆ, ಅವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತಿದರು. ವಾರವೆಲ್ಲ ಯಾರ್ಯಾರದೋ ಪಕ್ಕದಲ್ಲಿ ಕೂತು ಬೇಸತ್ತ ಮನುಷ್ಯ, ತಾವು ಓಡಿಸಬೇಕೆಂದು ಆಸೆಪಟ್ಟು ತಂದ ಕಾರಿನಲ್ಲೂ ಪಕ್ಕದಲ್ಲೇ ಕೂತರು. ‘ಅವಳು ಚೆನ್ನಾಗಿ ಓಡಿಸ್ತಾಳೆ, ನಾನು ಆರಾಮಾಗಿ ಕೂತ್ಕೊಂಡಿರ್ತೀನಿ’ ಎನ್ನುತ್ತಿದ್ದರು. ಎಂಥ ಆರಾಮು. ನಾನು ಆ ಸೀಟಿನಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಾಪ, ಆ ಲ್ಯಾಬಿನವರು ತಮ್ಮ ಓಡಿಸುವಿಕೆಗೇ ನಾನು ಹೆದರಿದೆ ಎಂದುಕೊಂಡು ಗಾಡಿ ನಿಲ್ಲಿಸಿ ಕ್ಷಮೆ ಕೇಳಿದರು.

ಗಿರಾಕಿ ಒಪ್ಪುವವರೆಗೆ ಹಳೆಯ ತುಂಡನ್ನು ಎಸೆಯುವುದು ನಮ್ಮ ಕಸುಬಿನಲ್ಲಿ ಇಲ್ಲ. ಮನೆಗೆ ಬಂದವಳೇ ಕಪಾಟಿನಿಂದ ಅದನ್ನು ತೆಗೆದು, ನನ್ನ ಹೊಸ ಕಾರ್ಪೆಟ್ಟನ್ನು ಕಿತ್ತು, ಹಳೆಯದನ್ನೇ ಕೂರಿಸಿದೆ. ಅವರು ಅಲ್ಲೇ ನಿಂತು ನೋಡಿ ಬೆಲೆ ಹೇಳಿದರು. ನಿಮ್ಮಪ್ಪ ಕೊಟ್ಟದ್ದರ ಏಳು ಪಟ್ಟು. ಹುಚ್ಚು ಮಾತಲ್ಲ, ಇಂಥವು ಈಗ ಸಿಗುವುದಿಲ್ಲವಂತೆ, ಎಲ್ಲರೂ ತೂಕಕ್ಕೆ ಹಾಕಿ ಮುಗಿಸಿದ್ದಾರಂತೆ. ನಿನ್ನ ಬಿಳಿ ಕಾರಿಗೆ ಈಗ ಎಷ್ಟು ಬರಬಹುದು ಎಂದೂ ಕೇಳಿದೆ. ಕೋಪ ಮಾಡಿಕೊಳ್ಳಬೇಡ, ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗ ಹೋಗಿದೆಯಂತೆ. ನಿಮ್ಮಪ್ಪ ಇದ್ದಿದ್ದರೆ ಇದನ್ನು ಕೇಳಿ ಮನೆಯೆಲ್ಲ ಕುಣಿಯುತ್ತಿದ್ದರು, ಆಮೇಲೆ ನಿನಗೆ ಬೇಜಾರಾಗುತ್ತದೆ ಎಂದು ಹೇಳದೆ ಇರುತ್ತಿದ್ದರು.

ಆ ಲ್ಯಾಬಿನವರು ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಒಳ್ಳೆಯ ಮನುಷ್ಯ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ನನಗೆ ದುಡ್ಡಿನ ಅವಸರವಿಲ್ಲ. ಮಾರು ಎಂದು ನೀನು ಹೇಳಿದ್ದೀಯ, ಆದರೂ ಇನ್ನೊಂದು ಸಲ ನಿನ್ನ ಬಾಯಿಂದಲೇ ಕೇಳಬೇಕು. ಚಿಕ್ಕಪ್ಪನಿಗೆ ಹೇಳಬೇಡ, ನನಗೆ ಹೇಳು. ಮೈ ಕಡೆ ಗಮನವಿರಲಿ. ನೀನು ಎಲ್ಲಿದ್ದರೂ ಚೆನ್ನಾಗಿರಬೇಕು, ನೂರು ವರ್ಷ ತಣ್ಣಗಿರಬೇಕು, ಅಷ್ಟೇ ನನ್ನ ಆಸೆ.

ನಿನ್ನ,
ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಟಪಾಲು ಹೊರಡುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅವತ್ತು ನಾನು ನಿನಗೆ ಸುಳ್ಳು ಹೇಳಿದೆ. ಸೋಮವಾರ ಆಸ್ಪತ್ರೆಗೆ ಸೇರಿಸಿದೆವು, ಮಂಗಳವಾರವೇ ಅವರು, ‘ಮರಿಗೆ ಫೋನ್ ಮಾಡು, ನಾನೇ ಸೋತೆ ಅಂತ ಹೇಳು, ಬರಲಿ’ ಎಂದರು. ಮಾಡಿದೆ ಎಂದೆ. ಮಾಡಿರಲಿಲ್ಲ. ಶನಿವಾರ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಆ ಕೋಣೆಯಲ್ಲಿ ಅವರು ನನ್ನ ಕೈ ಹಿಡಿದುಕೊಂಡು ಮಾತಾಡುತ್ತಿದ್ದರು, ಎಷ್ಟೋ ವರ್ಷದ ಮೇಲೆ ನನ್ನೊಬ್ಬಳ ಜೊತೆಯೇ. ನೀನು ಬಂದರೆ ಅದು ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನೆರಡು ದಿನ ಇರಲಿ ಎಂದು ಆಸೆಪಟ್ಟೆ. ಬುಧವಾರ ಮತ್ತೆ ಕೇಳಿದರು, ‘ಹೊರಟಳಾ?’ ಎಂದು. ರಜೆ ಸಿಗಲಿಲ್ಲವಂತೆ ಎಂದೆ. ‘ಪಾಪ, ಬಿಡು, ಹುಷಾರಾದ್ಮೇಲೆ ನಾವೇ ಹೋಗೋಣ’ ಎಂದರು. ಗುರುವಾರ ಬೆಳಗ್ಗೆ ಹೋಗಿಬಿಟ್ಟರು. ನನ್ನ ಮೇಲೆ ನಿನಗೆ ಎಷ್ಟು ಕೋಪ ಬಂದರೂ ಅದು ನ್ಯಾಯವೇ, ಬೇಡ ಎನ್ನುವುದಿಲ್ಲ. ಆದರೆ ಅಪ್ಪ ನಿನ್ನನ್ನು ಕೇಳಲಿಲ್ಲ ಎಂದುಕೊಂಡು ಮಾರು ಎಂದೆಯಲ್ಲ, ಅವರು ಕೇಳಿದರು, ಎರಡು ಸಲ ಕೇಳಿದರು. ಈಗ ಹೇಳು, ಮಾರಲೋ ಬೇಡವೋ.