ಕೆಲಸ ಕೇಳದ ಹಿತ್ತಲು

ಏಪ್ರಿಲ್ 2, 2017. ಭಾನುವಾರ

ಮತ್ತೆ ಇನ್‌ಸ್ಪೆಕ್ಷನ್. ಮೂರು ತಿಂಗಳಿಗೊಮ್ಮೆ ಚಿಕ್ಕಮ್ಮನ ಮನೆಗೆ ಹೋಗಿ ನಲ್ಲಿ ತಿರುಗಿಸಿ, ಗೋಡೆ ತಟ್ಟಿ, ಚಹಾ ಕುಡಿದು ಬರುವುದು. ಚಿಕ್ಕಮ್ಮ ತೀರಿಕೊಂಡು ಒಂಬತ್ತು ವರ್ಷ. ಮನೆ ನನ್ನದಾಗಿಯೂ ಅಷ್ಟೇ. ಬಾಡಿಗೆಗಿರುವವರು ಟ್ರೆವರ್ ಹೇಗ್, ಅವನ ಹೆಂಡತಿ ಗ್ಲೆಂಡಾ. ಆರು ವರ್ಷದಿಂದ. ಒಳಗೆ ಎಲ್ಲ ಕನ್ನಡಿಯಂತೆ ಚೊಕ್ಕಟ. ಹಿತ್ತಲು ಮಾತ್ರ... ಹುಲ್ಲು ಮೊಳಕಾಲು ದಾಟಿದೆ. ಕರಾರಿನ ಪ್ರಕಾರ ಹುಲ್ಲು ಕತ್ತರಿಸುವುದು ಬಾಡಿಗೆದಾರನ ಕೆಲಸ. ಹೇಳಿದೆ.

"ಮೂವತ್ತೈದು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದು, ಗೋಡೆ ಕಟ್ಟಿದೋನು ನಾನು ಮೇಷ್ಟ್ರೇ. ಈಗ ಹುಲ್ಲು ಕಂಡ್ರೆ ಕೈ ಮುಗೀತೀನಿ," ಎಂದ ಟ್ರೆವರ್.

ಕಲ್ಲಿನ ಧೂಳು ಅವನ ಎದೆಯಲ್ಲಿ ಮನೆ ಮಾಡಿದೆ. ಬಾಡಿಗೆ ಕೊಡದೆ. ಮೆಟ್ಟಿಲು ಹತ್ತಲಾರ. ಮಂಚ ಕೆಳಗಿನ ಹಿಂಬದಿ ಕೋಣೆಗೆ ಇಳಿದಿದೆ, ಪಕ್ಕದಲ್ಲಿ ಆಮ್ಲಜನಕದ ಯಂತ್ರ ಬೆಕ್ಕಿನಂತೆ ಗುರುಗುಟ್ಟುತ್ತದೆ. ಡಾಕ್ಟರು ಹೇಳಿರುವುದು ಒಂದೇ — ಇರುವ ಉಸಿರನ್ನು ಉಳಿಸಿಕೊಳ್ಳಿ, ಹೊಸದಾಗಿ ಯಾವ ಸೋಂಕೂ ಬರಬಾರದು.

ಸರಿ, ಹಿತ್ತಲಿಗೆ ನಾನೇ ಒಂದು ದಾರಿ ಹುಡುಕಬೇಕು.

ಏಪ್ರಿಲ್ 8. ರಾತ್ರಿ ಊಟದ ನಂತರ

ವಾರವಿಡೀ ಓದಿದೆ. ಬಾಡಿಗೆ ಮನೆಗೆ ಎಂಥ ತೋಟ? ಬಾಡಿಗೆ ಎಂಬ ಪದದಲ್ಲೇ 'ಬಾಡು' ಇದೆಯಲ್ಲ, ಅದೇ ತೊಂದರೆ. ಪ್ಲಾಸ್ಟಿಕ್ ಹುಲ್ಲು — ನಾಯಿ ಕೂಡ ನಂಬುವುದಿಲ್ಲ. ಮರದ ಚಕ್ಕೆ ಹರಡಿದರೆ ಬೀದಿಯ ಬೆಕ್ಕುಗಳಿಗೆಲ್ಲ ಪುಕ್ಕಟೆ ಶೌಚಾಲಯ. ಕುಂಡದಲ್ಲಿ ಲ್ಯಾವೆಂಡರ್ ಚೆಂದ, ಆದರೆ ಯಾರಾದರೂ ನೀರು ಹಾಕಬೇಕು. ಕೆಲಸ ಕೇಳದ್ದು ಒಂದೇ — ಕಲ್ಲು. ಚಪ್ಪಡಿ ಹಾಸಿ ಅಂಚಿಗೆ ಜಲ್ಲಿ. ಹೂವಿಲ್ಲ, ಹುಳವಿಲ್ಲ, ಹರಟೆಯಿಲ್ಲ.

ನಿವೃತ್ತ ಇತಿಹಾಸದ ಮೇಷ್ಟ್ರಿಗೆ ಶಿಲಾಯುಗವೇ ಸರಿ.

ಏಪ್ರಿಲ್ 14. ಗುಡ್ ಫ್ರೈಡೆ, ಸಂಜೆ

ಸೊಂಟ ಹೋಯಿತು. ಆದರೆ ಮುಗಿಯಿತು.

ಪುಸ್ತಕದ ಪ್ರಕಾರ ಮೊದಲು ಆರು ಇಂಚು ಅಗೆದು, ಮಣ್ಣು ಹೊರಗೆ ಸಾಗಿಸಿ, ಆಮೇಲೆ ಹಾಸಬೇಕು. ಅಗೆಯುವುದೇಕೆ? ಹುಲ್ಲು ಕೆರೆದು ನೋಡಿದರೆ ಚಿಕ್ಕಮ್ಮನ ಕಾಲದ ಹಳೇ ಕಲ್ಲುಗಳು ಅಡಿಯಲ್ಲಿ ಗಟ್ಟಿಯಾಗೇ ಇವೆ. ಅವುಗಳ ಮೇಲೆಯೇ ಮರಳು, ಮರಳಿನ ಮೇಲೆ ಚಪ್ಪಡಿ. ಹಿಂಬಾಗಿಲ ಹೊಸ್ತಿಲಿಗೆ ಸಮ ಬಂತು, ಎಡವುವ ಭಯವಿಲ್ಲ. ಗೋಡೆಯ ಬುಡದಲ್ಲಿ ಅಂಗೈಯಗಲದ ಎರಡು ಕಬ್ಬಿಣದ ಜಾಲರಿ ಇದ್ದವು. ಎರಡೂ ಚಪ್ಪಡಿಯ ಹಿಂದೆ ಮುಚ್ಚಿಹೋದವು. ಒಳ್ಳೆಯದೇ. ಇಲಿಗೂ ಚಳಿಗಾಳಿಗೂ ಒಟ್ಟಿಗೇ ಬಾಗಿಲು ಹಾಕಿದಂತಾಯಿತು.

ಟ್ರೆವರ್ ಇಡೀ ದಿನ ಕಿಟಕಿಯಲ್ಲಿ ಕೂತು ನೋಡುತ್ತಿದ್ದ, ಮೂಗಿಗೆ ನಳಿಕೆ ಹಾಕಿಕೊಂಡು.

"ಅಗೆದು ಇಳಿಸೋದಿಲ್ವಾ ಮೇಷ್ಟ್ರೇ? ಸ್ವಲ್ಪ ಎತ್ತರ ಆಯ್ತೇನೋ."

"ನೋಡಪ್ಪಾ, ಸಲಹೆ ಕೊಡೋ ಬಾಡಿಗೆದಾರನಿಗೆ ಎರಡು ತಿಂಗಳ ನೋಟಿಸು!" ಎಂದೆ.

ನಕ್ಕ. ಜೋಕಿನ ಯೋಗ್ಯತೆಗಿಂತ ಹೆಚ್ಚೇ ನಕ್ಕ. ಕೆಮ್ಮು ಬರುವವರೆಗೆ. ಒಳಗಿನಿಂದ ಗ್ಲೆಂಡಾ ಓಡಿಬಂದಳು. ಎತ್ತರದ ಮಾತು ಅಲ್ಲಿಗೇ ಮುಗಿಯಿತು.

ಈ ಹ್ಯಾಲಿಫ್ಯಾಕ್ಸ್ ಊರಿನಲ್ಲಿ ನನ್ನ ಜೋಕಿಗೆ ನಗುವ ಗಂಡಸು ಅವನೊಬ್ಬನೇ.

ಜುಲೈ 8. ಶನಿವಾರ

ಇನ್‌ಸ್ಪೆಕ್ಷನ್ ಒಂಬತ್ತು ನಿಮಿಷದಲ್ಲಿ ಮುಗಿಯಿತು. ದಾಖಲೆ. ಜಲ್ಲಿಯಲ್ಲಿ ಒಂದು ಹುಲ್ಲೆಸಳೂ ಇಲ್ಲ. ಗ್ಲೆಂಡಾಗೆ ಅಷ್ಟಾಗಿ ಹಿಡಿಸಿಲ್ಲ. "ಕಳೆ ಏನೋ ಹೋಯ್ತು ಮಿಸ್ಟರ್ ಸಗ್ಡನ್," ಎಂದಳು. ಹಿತ್ತಲಿನ ಕಳೆಯೂ ಹೋಯಿತು ಎಂದು ಧ್ವನಿ. ಅವಳೂ ಶ್ಲೇಷೆ ಕಲಿಯುತ್ತಿದ್ದಾಳೆ! ಟ್ರೆವರ್ ಅವಳ ಕಡೆ ಒಂದು ನೋಟ ಬಿಟ್ಟ. ತಕ್ಷಣ ಬಿಸ್ಕತ್ತಿನ ತಟ್ಟೆ ಮುಂದೆ ಬಂತು.

ನವೆಂಬರ್ 18. ಶನಿವಾರ

ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟಿನ ಚುಕ್ಕೆ. ಚುಕ್ಕೆಯಲ್ಲ, ಭೂಪಟ. ಗ್ಲೆಂಡಾ ತೋರಿಸಲಿಲ್ಲ, ನಾನೇ ಕಂಡೆ. ದಿಂಬು ಅಡ್ಡ ಇಟ್ಟಿದ್ದಳು.

"ಒದ್ದೆ ಬಟ್ಟೆ ಕೋಣೆಯ ಹೀಟರ್ ಮೇಲೆ ಒಣಗಿಸ್ತೀರಾ?"

"ಮಳೆ ಬಂದಾಗ... ಒಂದೊಂದ್ಸಲ."

"ಅದೇ ನೋಡಿ. ದಿನಾ ಅರ್ಧ ಗಂಟೆ ಕಿಟಕಿ ತೆಗೀರಿ."

"ಕಿಟಕಿ ತೆಗೆದ್ರೆ ಇವನ ಎದೆಗೆ ಥಂಡಿ ಮಿಸ್ಟರ್ ಸಗ್ಡನ್."

"ನಾವೇ ಒರೆಸ್ಕೋತೀವಿ ಬಿಡಿ ಮೇಷ್ಟ್ರೇ," ಎಂದ ಟ್ರೆವರ್. "ನನ್ನ ಎದೆಯ ಎಕ್ಸ್‌ರೇನೂ ಹಿಂಗೇ ಇದೆ. ಗೋಡೆ ನನ್ನ ನೋಡಿ ಕಾಪಿ ಹೊಡೆದಿದೆ."

ನಕ್ಕೆ. ಬ್ಲೀಚ್ ಬಾಟಲಿ ಕೊಟ್ಟು ಬಂದೆ. ಎಲ್ಲ ಮನೆ ಮಾಲೀಕರೂ ಹೇಳುವ ಮಾತನ್ನೇ ಹೇಳಿದೆ, ಎಲ್ಲರೂ ಕೊಡುವುದನ್ನೇ ಕೊಟ್ಟೆ.

ಅಕ್ಟೋಬರ್ 13, 2018

ವರ್ಷವಾಯಿತು ಇದರಲ್ಲಿ ಬರೆದು. ಬರೆಯುವಂಥದ್ದೇನೂ ಇರಲಿಲ್ಲ ಎಂದುಕೊಳ್ಳೋಣ. ಟ್ರೆವರ್ ಈ ವರ್ಷ ಎರಡು ಸಲ ಆಸ್ಪತ್ರೆ ಸೇರಿ ಬಂದ. ಎದೆಯ ಸೋಂಕು. ಗೋಡೆಗೆ ಅವರೇ ಬಣ್ಣ ಹೊಡೆದಿದ್ದಾರೆ, ನನ್ನನ್ನು ಕೇಳದೆ. ಕೋಣೆಯಲ್ಲಿ ಅಣಬೆಯ ವಾಸನೆ. ಸೂಪ್ ಇರಬೇಕು ಎಂದೆ. "ಹೌದು, ಅಣಬೆ ಸೂಪೇ," ಎಂದಳು ಗ್ಲೆಂಡಾ. ಬೇಗ ಹೇಳಿದಳು.

ಒಲೆಯ ಮೇಲೆ ಏನೂ ಇರಲಿಲ್ಲ. ನೋಡಿದೆ. ನೋಡಿಯೂ ಹೊರಟೆ.

ಜನವರಿ 19, 2019. ಶನಿವಾರ, ಬೆಳಿಗ್ಗೆ 10

ಗ್ಲೆಂಡಾ ಫೋನ್. ಎಂಟು ವರ್ಷದಲ್ಲಿ ಅವಳಾಗಿ ಫೋನ್ ಮಾಡಿದ್ದು ಇದೇ ಮೊದಲು. ಮೊದಲು ಕ್ಷಮೆ ಕೇಳಿದಳು. ಯಾತಕ್ಕೆ ಎಂದರೆ, ಮಂಚದ ಒಂದು ಕಾಲು ನೆಲದೊಳಗೆ ಇಳಿದುಬಿಟ್ಟಿದೆ.

ಟ್ರೆವರ್ ಹಿಂದಿನಿಂದ ಕೂಗುತ್ತಿದ್ದ, ಉಸಿರಿಗೆ ಎರಡೇ ಪದದಂತೆ: "ಗಾಬರಿ ಬೇಡ... ಮೇಷ್ಟ್ರೇ. ಹೋಗೋ ಕಡೆಗೆ... ಒಂದು ಕಾಲು... ಇಟ್ಟಿದ್ದೀನಿ ಅಷ್ಟೇ."

ಫೆಬ್ರವರಿ 2. ಶನಿವಾರ

ಬಡಗಿ ಇಮ್ತಿಯಾಜ್ ಬಂದ. ಟ್ರೆವರ್‌ನ ಮಂಚ ಮುಂದಿನ ಕೋಣೆಗೆ ಹೋಗಿದೆ, ನಡುವಿನ ಬಾಗಿಲು ತೆರೆದೇ ಇತ್ತು. ಹಲಗೆ ಕೀಳಲು ಇಮ್ತಿಯಾಜ್‌ಗೆ ಉಳಿ ಬೇಕಾಗಲಿಲ್ಲ. ಬೆರಳು ಸಾಕಾಯಿತು. ಅಡಿಯಲ್ಲಿ ಬಿಳಿ ಹತ್ತಿ. ಮರದ ತೊಲೆಗಳ ಮೇಲೆಲ್ಲ ಹಾಸಿಗೆ ಹಾಸಿದಂತೆ ಬೂಷ್ಟು.

"ಈ ಥರದ ನೆಲಕ್ಕೆ ಕೆಳಗೆ ಟೊಳ್ಳು ಇರುತ್ತೆ ಸಾರ್. ಹಿಂದಿನ ಗೋಡೆಯಿಂದ ಗಾಳಿ ಒಳಗೆ ಬಂದು ಮುಂದಿನ ಗೋಡೆಯಿಂದ ಹೋಗ್ಬೇಕು. ಇಲ್ಲಾಂದ್ರೆ ತೊಲೆ ಕೊಳೀತದೆ, ಬೂಷ್ಟಿನ ಪುಡಿಯೆಲ್ಲ ಮೇಲಕ್ಕೆ ಕೋಣೆಗೆ ಬರ್ತದೆ. ಎಲ್ಲಿ, ನಿಮ್ಮ ಗಾಳಿಕಿಂಡಿ ಎಲ್ಲಿ?"

ಹಿಂಬಾಗಿಲು ತೆರೆದಿಟ್ಟು ಹಿತ್ತಲಿಗೆ ಹೋದ. ಮಂಡಿಯೂರಿದ. ಚಪ್ಪಡಿ ಗೋಡೆಗೆ ಸೇರುವಲ್ಲಿ ಟಾರ್ಚ್ ಬಿಟ್ಟ. ಮಳೆನೀರು ಅಲ್ಲೇ ಗೋಡೆಗಂಟಿ ನಿಂತಿತ್ತು.

"ಯಾವ ಕತ್ತೆ ಸಾರ್ ಈ ಕಲ್ಲು ಹಾಸಿದ್ದು?"

"ಯಾರೋ... ಕೆಲಸದವರು," ಎಂದೆ.

ಅಷ್ಟು ಸುಲಭವಾಗಿ ಬಂತು. ಯೋಚಿಸಿ ಹೇಳಿದ್ದಲ್ಲ.

ಮುಂದಿನ ಕೋಣೆಯಲ್ಲಿ ಯಂತ್ರ ಗುರುಗುಟ್ಟುತ್ತಿತ್ತು. ಟ್ರೆವರ್‌ಗೆ ಕೇಳಿಸಿರಲೇಬೇಕು. ಹೊರಡುವಾಗ ಅವನ ಮುಂದೆ ನಿಂತೆ. ಅವನು ನನ್ನ ಮುಖ ನೋಡಲಿಲ್ಲ. "ಕೆಲಸದವರು ಅಂದ್ರೆ... ಹಂಗೇ ಮೇಷ್ಟ್ರೇ," ಎಂದ. "ಹೇಳಿ ಮಾಡಿಸ್ಬೇಕು."

ನನ್ನ ಸುಳ್ಳಿಗೆ ಊರುಗೋಲು ಕೊಟ್ಟ. ಯಾಕೆ ಕೊಟ್ಟ?

ಫೆಬ್ರವರಿ 18. ಸೋಮವಾರ

ಟ್ರೆವರ್ ಹೋದ. ಬೆಳಗಿನ ಐದಕ್ಕಂತೆ, ಆಸ್ಪತ್ರೆಯಲ್ಲಿ. ಸೋಂಕು ಎರಡೂ ಕಡೆ ಹಬ್ಬಿತ್ತು.

ಮಾರ್ಚ್ 1. ಶುಕ್ರವಾರ

ಅಂತ್ಯಕ್ರಿಯೆ. ಪಬ್ಬಿನ ಹಿಂಬದಿಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಚಹಾ. ಕ್ವಾರಿಯ ಹಳೆಯ ಗಂಡಸರು ಏಳೆಂಟು ಜನ. ಎಲ್ಲರೂ ಕೆಮ್ಮುತ್ತಾರೆ. ಮರಣದ ಸರ್ಟಿಫಿಕೇಟಿನಲ್ಲಿ ಕಲ್ಲುಧೂಳಿನ ರೋಗ ಎಂದೇ ಬರೆದಿದೆಯಂತೆ. ಅವರಿಗೆಲ್ಲ ಆಶ್ಚರ್ಯವಿಲ್ಲ.

ಒಬ್ಬ ಮುದುಕ ನನ್ನ ಭುಜ ತಟ್ಟಿದ. "ಮನೆ ಮಾಲೀಕರು ನೀವೇನಾ? ಒಳ್ಳೆಯವರು ಅಂತಿದ್ದ. ತಮಾಷೆಯ ಮನುಷ್ಯ ಅಂತಿದ್ದ."

ಗೋಡೆ ಕಟ್ಟುವುದರಲ್ಲಿ ಈ ಕಣಿವೆಯಲ್ಲೇ ಟ್ರೆವರ್‌ನಂಥ ಕೈ ಇರಲಿಲ್ಲವಂತೆ. ಕಲ್ಲು, ನೀರು, ಗಾಳಿ ಮೂರೂ ಓದಬಲ್ಲವನಾಗಿದ್ದನಂತೆ. ಸ್ಯಾಂಡ್‌ವಿಚ್ ತಟ್ಟೆಗೆ ವಾಪಸ್ ಇಟ್ಟೆ. ಗಾಳಿ ಓದಬಲ್ಲವನು ಇಡೀ ದಿನ ಕಿಟಕಿಯಲ್ಲಿ ಕೂತು ನೋಡಿದ್ದ.

ಮಾರ್ಚ್ 2, ಬೆಳಗಿನ ಜಾವ

ಆರು ಇಂಚು. ಅಗೆದಿದ್ದರೆ ಎರಡು ದಿನದ ಕೆಲಸ. ಮಣ್ಣು ತುಂಬಲು ಒಂದು ತೊಟ್ಟಿ. ಅಷ್ಟೇ.

ಇಮ್ತಿಯಾಜ್‌ಗೆ ನಿಜ ಹೇಳಬೇಕು. ಅದಕ್ಕಿಂತ ಮೊದಲು ಗ್ಲೆಂಡಾಗೆ. ಹೇಳುತ್ತೇನೆ.

ಮಾರ್ಚ್ 4. ಸೋಮವಾರ, ಮಧ್ಯಾಹ್ನ

ಹೇಳಲೆಂದೇ ಹೋದೆ. ಬಸ್ಸಿನಲ್ಲಿ ಮೂರು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಒಂದರಲ್ಲೂ ಶ್ಲೇಷೆಯಿಲ್ಲ.

ಗ್ಲೆಂಡಾ ಕೋಟು ತೊಟ್ಟುಕೊಂಡೇ ಕೂತಿದ್ದಳು, ಒಳಗೆ ಅಷ್ಟು ಚಳಿ. ಖಾಲಿ ಮಂಚ ಹಾಗೇ ಇತ್ತು. ಯಂತ್ರವನ್ನು ವಾಪಸ್ ಒಯ್ದಿದ್ದಾರೆ. ಮನೆ ಕಿವುಡಾದಂತೆ ಇತ್ತು.

"ಗ್ಲೆಂಡಾ, ಆ ಕಲ್ಲು ಹಾಸಿದ್ದು—"

"ಅವನಿಗೆ ಗೊತ್ತಿತ್ತು," ಎಂದಳು. "ನೀವು ಹಾಸಿದ ಆವತ್ತೇ. 'ಕಿಂಡಿ ಮುಚ್ಚಿಬಿಟ್ರು ಕಣೇ, ಎರಡು ಚಳಿಗಾಲ ತಡೀತದೆ ಈ ನೆಲ' ಅಂದ. ಹೋಗಿ ಹೇಳು ಅಂದೆ. 'ಬಾಯಿ ಬಿಟ್ಟಿದ್ದಕ್ಕೇ ನೋಟಿಸು ಅಂದ್ರಲ್ಲ. ಈ ಎದೆ ಹೊತ್ಕೊಂಡು ಇನ್ನೊಂದು ಮನೆ ಎಲ್ಲಿ ಹುಡುಕ್ತೀಯ' ಅಂದ."

"ಅದು ತಮಾಷೆಗೆ ಅಂದದ್ದು ಗ್ಲೆಂಡಾ."

"ಕರಾರಿನಲ್ಲೂ ಅದನ್ನೇ ಬರೆದಿದ್ದೀರಲ್ಲ ಮಿಸ್ಟರ್ ಸಗ್ಡನ್. ಎರಡು ತಿಂಗಳು, ಕಾರಣ ಹೇಳಬೇಕಿಲ್ಲ ಅಂತ. ಅಲ್ಲಿ ನಗು ಬರೋ ಹಾಗೆ ಏನೂ ಇಲ್ಲ."

ಸಿಟ್ಟಿನ ದನಿಯಲ್ಲ. ತರಕಾರಿಯ ದರ ಹೇಳುವ ದನಿ.

"ನೀವು ಬಂದಾಗ ನಗಬೇಕು ಅಂತ ನಂಗೂ ಹೇಳ್ಕೊಟ್ಟಿದ್ದ. ನಂಗೆ ಅಷ್ಟು ಬೇಗ ಅರ್ಥ ಆಗ್ತಿರಲಿಲ್ಲ ನೋಡಿ. ಮೇಷ್ಟ್ರು ನಿಲ್ಲಿಸಿ ಹುಬ್ಬು ಎತ್ತಿದ್ರೆ ಆಗ ನಗು ಅಂತಿದ್ದ. ನೀವು ಹೋದ ಮೇಲೆ ಅವನು ಒಂದು ಗಂಟೆ ಮಾತಾಡ್ತಿರಲಿಲ್ಲ. ನಕ್ಕಿದ್ದಕ್ಕೇ ಉಸಿರು ಮುಗಿದಿರ್ತಿತ್ತು."

ಮೂರು ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಅವಳು ಎದ್ದು ಚಹಾ ತಂದಳು.

"ಆಸ್ಪತ್ರೆಯ ನರ್ಸ್ ಕೇಳಿದ್ಲು," ಎಂದಳು, "ಮನೇಲಿ ತೇವ, ಬೂಷ್ಟು ಏನಾದ್ರೂ ಇದೆಯಾ ಅಂತ. ಇದ್ರೆ ಊರಿನ ಕೌನ್ಸಿಲ್‌ಗೆ ತಿಳಿಸ್ಬೇಕಂತೆ, ಅವರು ಬಂದು ನೋಡ್ತಾರಂತೆ. ಇಲ್ಲ ಅಂದೆ. ಬಡಗಿಗೂ ಏನೂ ಹೇಳಿಲ್ಲ. ಮುಂದೆ ಯಾರು ಕೇಳಿದ್ರೂ ಹೇಳಲ್ಲ. ನಂಗೆ ಮಾತ್ರ ನೋಟಿಸ್ ಕೊಡ್ಬೇಡಿ ಮಿಸ್ಟರ್ ಸಗ್ಡನ್. ಮೇಲಿನ ಕೋಣೇಲಿ ಇರ್ತೀನಿ. ಒಬ್ಬಳೇ ತಾನೇ."

ಅವಳ ಮುಖ ನೋಡಿದೆ. ನಾನು ಹುಬ್ಬು ಎತ್ತುವುದನ್ನೇ ಕಾಯುತ್ತಿದ್ದಳು.

ಏನೋ ಗೊಣಗಿ ಎದ್ದು ಬಂದೆ. ಇದನ್ನು ಬೇರೆ ಯಾರೂ ಓದುವುದಿಲ್ಲ, ಇಲ್ಲಾದರೂ ನಿಜ ಬರೆಯಬೇಕು. 'ಯಾರು ಕೇಳಿದ್ರೂ ಹೇಳಲ್ಲ' ಎಂದು ಅವಳು ಅಂದಾಗ, ನಾಚಿಕೆಗಿಂತ ಮೊದಲು, ಟ್ರೆವರ್‌ನ ನೆನಪಿಗಿಂತಲೂ ಮೊದಲು, ನನ್ನ ಎದೆಯಲ್ಲಿ ಆದದ್ದು ನಿರಾಳ.